ಬ್ರಾಂಚ್ ಎಂದರೆ ಶಾಖೆಯಲ್ಲ: ಬಡ್ತಿ ಪರೀಕ್ಷೆಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಅಗ್ನಿಶಾಮಕ ಠಾಣೆ, ಆಂಬುಲೆನ್ಸ್, ಕಾರ್ಖಾನೆಗಳ ಫೈರ್ ದಳ, ಹೀಗೆ ತುರ್ತು ಸೇವೆಯಲ್ಲಿರುವವರ ಬಡ್ತಿ ಪರೀಕ್ಷೆ ಕುರಿತು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರೆಲ್ಲ ನೌಕರಿಯಲ್ಲಿರುವವರು. ಆದ್ದರಿಂದ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಹದಿನಾಲ್ಕು ವರ್ಷ ಪಂಪ್ ನಡೆಸಿದ್ದೇನೆ. ಬಡ್ತಿ ಪರೀಕ್ಷೆಯಲ್ಲಿ ‘ಶಾಖೆಯಲ್ಲಿ ಒತ್ತಡ ಕಡಿಮೆಯಾಗಲು ಕಾರಣವೇನು?’ ಎಂದು ಕೇಳಿದ್ದರು. ಯಾವ ಶಾಖೆ ಎಂದು ತಿಳಿಯದೆ ಬಿಟ್ಟುಬಂದೆ. ಹೊರಗೆ ಬಂದಮೇಲೆ ಇಂಗ್ಲಿಷ್ ಓದಿಕೊಂಡಿದ್ದ ಗೆಳೆಯ ಹೇಳಿದ, ಅದು ಬ್ರಾಂಚ್ ಅಂತೆ! ತಪ್ಪು ನನ್ನದೋ, ಪತ್ರಿಕೆಯದೋ? – ಸಿಂಧನೂರು

ಪತ್ರಿಕೆಯದು, ಅನುಮಾನ ಬೇಡ. ಹೋಸ್‌ನ ತುದಿಗೆ ಸಿಕ್ಕಿಸಿ ಕೈಯಲ್ಲಿ ಹಿಡಿಯುವ ಸಾಧನಕ್ಕೆ, ಅಂದರೆ ನೀರು ಚಿಮ್ಮುವ ಬಾಯಿಗೆ, ಠಾಣೆಯಲ್ಲಿ ಬ್ರಾಂಚ್ ಎಂದೇ ಹೆಸರು. ಶಾಖೆ ಎಂದರೆ ಕನ್ನಡದವರಿಗೆ ಬ್ಯಾಂಕಿನದು ನೆನಪಾಗುತ್ತದೆ. ಆ ಪ್ರಶ್ನೆ ನಿಮ್ಮ ಪಂಪ್ ಜ್ಞಾನವನ್ನು ಅಳೆಯಲಿಲ್ಲ. ಪಕ್ಕದಲ್ಲಿದ್ದ ಇಂಗ್ಲಿಷ್ ಸಾಲನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲಿರಾ ಎಂಬುದನ್ನು ಅಳೆಯಿತು. ಸಾಂಸ್ಕೃತಿಕ ಪಕ್ಷಪಾತ ಎಂದರೆ ಇದೇ: ಕೆಲಸವನ್ನು ಒಂದೇ ಮಟ್ಟಕ್ಕೆ ಬಲ್ಲ ಇಬ್ಬರಲ್ಲಿ ಒಬ್ಬರಿಗೆ, ಕೆಲಸಕ್ಕೆ ಸಂಬಂಧವೇ ಇಲ್ಲದ ಕಾರಣದಿಂದ, ಅಂಕ ಸಿಗುವುದು. ಬರೆದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಇಂಗ್ಲಿಷಿನಲ್ಲಿ ಪತ್ರಿಕೆ ಮಾಡಿ, ಠಾಣೆಯನ್ನು ನೋಡಿರದ ಅನುವಾದಕರ ಕೈಗೆ ಕೊಟ್ಟರೆ ಸಾಕು. ಬ್ಯಾಕ್‌ಡ್ರಾಫ್ಟ್ (ಮುಚ್ಚಿದ ಕೋಣೆಗೆ ಗಾಳಿ ನುಗ್ಗಿ ಬೆಂಕಿ ಸಿಡಿಯುವುದು) ‘ಹಿಂಬದಿ ಕರಡು’ ಆಗುತ್ತದೆ, ಪಂಪಿನ ಪ್ರೈಮಿಂಗ್ ‘ಸಿದ್ಧಪಡಿಸುವಿಕೆ’ ಆಗುತ್ತದೆ. ಸಕ್ಷನ್ ಹೋಸ್‌ನಿಂದ ಗಾಳಿ ಹೊರತೆಗೆದು ನೀರು ತುಂಬಿಸುವ ಕೆಲಸವನ್ನು ದಿನಾ ಮಾಡುವವರಿಗೂ ಆ ಮಾತಿನಿಂದ ಅದು ನೆನಪಿಗೆ ಬರುವುದಿಲ್ಲ.

ಇದು ನಿಮ್ಮೊಬ್ಬರ ಅನುಭವವಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ ನಡೆಸಿದ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲಿ ಅನುವಾದ ಕೆಟ್ಟಿದೆ ಎಂದು ಅಭ್ಯರ್ಥಿಗಳು ಬೀದಿಗಿಳಿದರು. ಸರ್ಕಾರ ಮರುಪರೀಕ್ಷೆಗೆ ಸೂಚಿಸಿತು. ಡಿಸೆಂಬರ್ 29ರಂದು ಅದು ನಡೆದಾಗಲೂ ಅನುವಾದದ ಬಗ್ಗೆ ಅದೇ ದೂರು ಎದ್ದಿತು. ಸಂದೇಹ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬ ಸಾಲು ಪುಸ್ತಿಕೆಗಳ ಮೇಲೆ ಇರುವುದುಂಟು. ನಮ್ಮ ದೃಷ್ಟಿಯಲ್ಲಿ ಅದು ಪರಿಹಾರವಲ್ಲ. ಅನುವಾದಕರ ತಪ್ಪಿನ ಹೊರೆಯನ್ನು ಕನ್ನಡದಲ್ಲಿ ಓದುವವರ ತಲೆಗೆ ಹೊರಿಸುವ ಸಾಲು ಅದು.

ಮೌಖಿಕ ಪರೀಕ್ಷೆಯಲ್ಲಿ ‘ಬೆಂಕಿ ಬಿದ್ದ ಜಾಗದಿಂದ ಕಂಟ್ರೋಲ್ ರೂಮಿಗೆ ವರದಿ ಕೊಡಿ’ ಅಂದರು. ನಮ್ಮ ಮಾತಿನಲ್ಲೇ ಹೇಳಿದೆ. ‘ಶುದ್ಧ ಕನ್ನಡ ಬರಲ್ವಾ?’ ಎಂದು ಕೇಳಿ ಮುಖ ಸಿಂಡರಿಸಿದರು. ಮಾತಿನ ಧಾಟಿಗೂ ಅಂಕ ಕಳೆಯಬಹುದೇ? – ಲಿಂಗಸುಗೂರು

ಕಳೆಯಬಾರದು. ಯಾಕೆಂದು ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು: ‘ಬಣವಿಗಿ ಬೆಂಕಿ ಹತ್ತೈತ್ರಿ, ಹಳ್ಳದ ಆಚಿಗಿ, ಹನುಮಪ್ಪನ ಗುಡಿ ಹಿಂದ. ಮೂರು ಬಣವಿ ಹತ್ತ್ಯಾವು. ಮಗ್ಗಲದಾಗ ದನದ ಕೊಟಗಿ ಐತಿ, ಮನುಷ್ಯಾರು ಯಾರೂ ಒಳಗಿಲ್ಲ. ಇನ್ನೊಂದು ನೀರಿನ ಗಾಡಿ ಕಳಸ್ರಿ.’

ಎರಡನೆಯದು: ‘ಸದರಿ ಸ್ಥಳದಲ್ಲಿ ಅಗ್ನಿ ಅವಘಡ ಸಂಭವಿಸಿದ್ದು, ಪರಿಸ್ಥಿತಿ ಗಂಭೀರವಾಗಿರುತ್ತದೆ. ಸೂಕ್ತ ಕ್ರಮ ಕೈಗೊಳ್ಳಲು ಕೋರಲಾಗಿದೆ.’

ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಬೇಕಾದದ್ದು ನಾಲ್ಕು ಸಂಗತಿ: ಜಾಗ ಎಲ್ಲಿ, ಏನು ಉರಿಯುತ್ತಿದೆ ಮತ್ತು ಎಷ್ಟು, ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ, ಇನ್ನೇನು ಬೇಕು. ಮೊದಲ ವರದಿಯಲ್ಲಿ ನಾಲ್ಕೂ ಇವೆ. ಪಕ್ಕದ ಕೊಟ್ಟಿಗೆಗೆ ಬೆಂಕಿ ಹಾರುವ ಭಯವೂ ಅದರಲ್ಲಿದೆ. ಎರಡನೆಯದರಲ್ಲಿ ಒಂದೂ ಇಲ್ಲ, ಅದನ್ನು ನಂಬಿ ಒಂದು ಗಾಡಿಯನ್ನೂ ಕಳಿಸಲಾಗದು. ಆದರೂ ಅಂಕಪಟ್ಟಿಯಲ್ಲಿ ‘ಭಾಷಾ ಪ್ರೌಢಿಮೆ’, ‘ವ್ಯಕ್ತಿತ್ವ’ ಎಂಬ ಕಲಮುಗಳಿದ್ದರೆ ಎರಡನೆಯವರೇ ಗೆಲ್ಲುತ್ತಾರೆ. ತಪ್ಪು ಕೂತಿರುವುದು ಆ ಕಲಮುಗಳಲ್ಲಿ.

ಮಂಡಳಿಯವರು ಮಾಡಬೇಕಾದದ್ದು ಇಷ್ಟು. ಪರೀಕ್ಷೆಗೆ ಮುಂಚೆಯೇ 10 ಅಂಕದ ಚೀಟಿ ಬರೆದಿಟ್ಟುಕೊಳ್ಳಬೇಕು: ನಾಲ್ಕು ಸಂಗತಿಗೆ ತಲಾ 2, ಅರ್ಧ ನಿಮಿಷದೊಳಗೆ ಮುಗಿಸಿದ್ದಕ್ಕೆ 2. ಎಲ್ಲರಿಗೂ ಅದೇ ಪ್ರಶ್ನೆಗಳು, ಅದೇ ಅನುಕ್ರಮ. ಸದಸ್ಯರು ತಮ್ಮತಮ್ಮೊಳಗೆ ಮಾತಾಡುವ ಮೊದಲೇ ಬೇರೆಬೇರೆಯಾಗಿ ಅಂಕ ಬರೆದು ಸಹಿ ಹಾಕಬೇಕು. ಮಾತಾಡಿಕೊಂಡು ಹಾಕಿದರೆ ಹಿರಿಯ ಅಧಿಕಾರಿಯ ಅಂಕವೇ ಎಲ್ಲರ ಅಂಕವಾಗುತ್ತದೆ. ಈ ಭಾಗದ ಮಾತು ಕಿವಿಗೆ ಬಿದ್ದು ರೂಢಿಯಿರುವ ಒಬ್ಬರಾದರೂ ಮಂಡಳಿಯಲ್ಲಿರಲಿ. ಮೌಖಿಕಕ್ಕೆ ಇಷ್ಟು ಕನಿಷ್ಠ ಅಂಕ ಬೇಕು ಎಂಬ ನಿಯಮವಿದ್ದರೆ ಅದನ್ನು ಮೊದಲೇ ಹೇಳಿರಬೇಕು. ಆಟ ಶುರುವಾದಮೇಲೆ ನಿಯಮ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಮಂಜುಶ್ರೀ ಪ್ರಕರಣದಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೂ ಆ ತತ್ವವನ್ನು ಎತ್ತಿಹಿಡಿದಿದೆ.

ಅಮೆರಿಕದಲ್ಲಿ ಫೈರ್‌ಮನ್‌ಗಳ ಬಡ್ತಿ ಪರೀಕ್ಷೆ ಸುಪ್ರೀಂ ಕೋರ್ಟಿಗೆ ಹೋಗಿತ್ತು ಎಂದು ಓದಿದೆ. ಅಲ್ಲಿ ನಡೆದದ್ದೇನು? ನಮಗೇನಾದರೂ ಉಪಯೋಗವಿದೆಯೇ? – ಬಳ್ಳಾರಿ

ಅದು ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದ ಸಂಗತಿ. 2003ರಲ್ಲಿ ಲೆಫ್ಟಿನೆಂಟ್ ಮತ್ತು ಕ್ಯಾಪ್ಟನ್ ಹುದ್ದೆಗಳಿಗೆ 118 ಮಂದಿ ಪರೀಕ್ಷೆ ಬರೆದರು. ಬರಹಕ್ಕೆ ಶೇ. 60, ಮೌಖಿಕಕ್ಕೆ ಶೇ. 40 ತೂಕ. ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಬಿಳಿಯರು 43ರಲ್ಲಿ 25, ಕಪ್ಪುಜನರು 19ರಲ್ಲಿ 6, ಹಿಸ್ಪಾನಿಕ್ ಮೂಲದವರು 15ರಲ್ಲಿ 3 ಮಂದಿ ತೇರ್ಗಡೆಯಾದರು. ಖಾಲಿ ಇದ್ದ 8 ಲೆಫ್ಟಿನೆಂಟ್ ಹುದ್ದೆಗಳಿಗೆ ಪರಿಗಣಿಸಬಹುದಾಗಿದ್ದ, ಪಟ್ಟಿಯ ಮೇಲಿನ ಹತ್ತೂ ಜನ ಬಿಳಿಯರೇ ಆಗಿದ್ದರು. ಮೊಕದ್ದಮೆಯ ಭಯದಿಂದ ನಗರಾಡಳಿತ ಫಲಿತಾಂಶವನ್ನೇ ಬದಿಗಿಟ್ಟಿತು. ಚೆನ್ನಾಗಿ ಬರೆದವರು ದಾವೆ ಹೂಡಿದರು. 2009ರ ಜೂನ್ 29ರಂದು 5–4ರ ಬಹುಮತದಲ್ಲಿ ಅವರೇ ಗೆದ್ದರು. ಮೊಕದ್ದಮೆ ಬಂದೀತೆಂಬ ಅಂಜಿಕೆಯೊಂದೇ ಫಲಿತಾಂಶ ರದ್ದು ಮಾಡಲು ಸಾಲದು, ಗಟ್ಟಿ ಸಾಕ್ಷ್ಯ ಬೇಕು ಎಂಬುದು ತೀರ್ಪಿನ ಸಾರ.

ಆ ಪರೀಕ್ಷೆಯ ಒಂದು ಪ್ರಶ್ನೆಯಲ್ಲಿ ‘ಅಪ್‌ಟೌನ್’, ‘ಡೌನ್‌ಟೌನ್’ ಎಂಬ ದಿಕ್ಕಿನ ಮಾತಿತ್ತು. ನ್ಯೂ ಹೇವನ್‌ನಲ್ಲಿ ಆ ಬಳಕೆಯೇ ಇಲ್ಲ ಎಂಬ ಆಕ್ಷೇಪ ಬಂತು. ಸಿಂಧನೂರಿನವರ ‘ಶಾಖೆ’ಗೂ ಇದಕ್ಕೂ ದೂರವಿಲ್ಲ. ಪುಸ್ತಕಗಳ ದೂರೂ ಇತ್ತು. ಮನೆಯಲ್ಲಿ ಮೊದಲೇ ಫೈರ್‌ಮನ್‌ಗಳಿದ್ದವರಿಗೆ ದುಬಾರಿ ಪುಸ್ತಕಗಳು ಕೈಗೆ ಸುಲಭವಾಗಿ ಸಿಕ್ಕವು, ಉಳಿದವರು ಹುಡುಕಾಡಬೇಕಾಯಿತು.

ಅವರ ಅಳತೆಗೋಲು ಒಂದನ್ನು ನಾವೂ ಬಳಸಬಹುದು. 1978ರಲ್ಲಿ ಅಲ್ಲಿ ಐದನೇ ನಾಲ್ಕರ ನಿಯಮ ಬಂತು. ಅತಿ ಹೆಚ್ಚು ತೇರ್ಗಡೆಯಾದ ಗುಂಪಿನ ಶೇಕಡಾವಾರಿಗೆ ಹೋಲಿಸಿದರೆ ಇನ್ನೊಂದು ಗುಂಪಿನದು ಅದರ ಶೇ. 80ಕ್ಕಿಂತ ಕೆಳಗಿದ್ದರೆ ಪರೀಕ್ಷೆಯನ್ನು ತಪಾಸಿಸಬೇಕು. ಮೇಲಿನ ಲೆಕ್ಕ ಮಾಡಿ: 43ಕ್ಕೆ 25 ಎಂದರೆ ಶೇ. 58.1. 19ಕ್ಕೆ 6 ಎಂದರೆ ಶೇ. 31.6. 31.6ನ್ನು 58.1ರಿಂದ ಭಾಗಿಸಿದರೆ 0.54. ಇರಬೇಕಾದ 0.80ಕ್ಕಿಂತ ಬಹಳ ಕೆಳಗೆ. ಭಾರತದ ಕಾನೂನಿನಲ್ಲಿ ಈ ನಿಯಮವಿಲ್ಲ, ಇದನ್ನೇ ಹಿಡಿದು ಇಲ್ಲಿ ಯಾರೂ ಕೇಸು ಗೆಲ್ಲಲಾರರು. ಜ್ವರ ಇದೆಯೇ ಎಂದು ನೋಡುವ ಥರ್ಮಾಮೀಟರಿನಂತೆ ಮಾತ್ರ ಬಳಸಿ. ಗುಂಪಿನಲ್ಲಿ ಐದಾರೇ ಜನರಿದ್ದರೆ ಒಬ್ಬರು ಅತ್ತಿತ್ತ ಆದರೂ ಲೆಕ್ಕ ಬುಡಮೇಲಾಗುತ್ತದೆ.

ನಮ್ಮ ಕಾರ್ಖಾನೆಯ ಫೈರ್ ದಳದಲ್ಲಿ ಲೀಡಿಂಗ್ ಫೈರ್‌ಮನ್ ಬಡ್ತಿಗೆ 40 ಮಂದಿ ಕಾದಿದ್ದಾರೆ. ಸ್ಥಳೀಯರಿದ್ದಾರೆ, ಆಂಧ್ರದವರು, ಒಡಿಶಾ–ಬಿಹಾರದವರೂ ಇದ್ದಾರೆ. ಪತ್ರಿಕೆ ಮಾಡುವ ಹೊಣೆ ನನ್ನದು. ಯಾರೂ ಬೆರಳು ತೋರಿಸದಂತೆ ಹೇಗೆ ಮಾಡಲಿ? – ಬಳ್ಳಾರಿ ತಾಲ್ಲೂಕು

ಕೇಳಬೇಕಾದವರು ಕೇಳಿದ್ದೀರಿ. ಫಲಿತಾಂಶ ಬಂದಮೇಲೆ ಪಕ್ಷಪಾತವನ್ನು ಸರಿಮಾಡಲು ಹೊರಟರೆ ನ್ಯೂ ಹೇವನ್ ಹಾಗೆ ಎರಡೂ ಕಡೆಯವರ ಶಾಪ ತಟ್ಟುತ್ತದೆ. ಪತ್ರಿಕೆ ಮಾಡುವಾಗಲೇ ಅದನ್ನು ಕಿತ್ತುಹಾಕಬೇಕು. ಆರು ವಾರ ಮುಂಚೆ ಶುರುಮಾಡಿ.

ಪ್ರಶ್ನೆ ಬರೆಯಲು ಕೂರಬೇಡಿ, ಮೊದಲು ಕೆಲಸದ ಪಟ್ಟಿ ಮಾಡಿ. ಲೀಡಿಂಗ್ ಫೈರ್‌ಮನ್ ಒಂದು ಪಾಳಿಯಲ್ಲಿ ಏನೇನು ಮಾಡುತ್ತಾರೆ: ಪಂಪ್ ನಡೆಸುವುದು, ಹೋಸ್ ಹಾಸುವುದು, ಉಸಿರಾಟದ ಸೆಟ್ ಹಾಕಿ ಒಳಹೋದವರ ಸಮಯ ಲೆಕ್ಕ ಇಡುವುದು, ತಂಡಕ್ಕೆ ಅಪ್ಪಣೆ, ವೈರ್‌ಲೆಸ್ ಸಂದೇಶ, ಸಾಮಾನಿನ ರಿಜಿಸ್ಟರ್, ಘಟನೆಯ ವರದಿ. ಈಗ ಆ ಹುದ್ದೆಯಲ್ಲಿರುವ ಐದಾರು ಜನರನ್ನು ಕೂರಿಸಿ. ರಾತ್ರಿ ಪಾಳಿಯವರು, ಬೇರೆ ರಾಜ್ಯದವರು ಅವರಲ್ಲಿರಲೇಬೇಕು. ಪ್ರತಿ ಕೆಲಸಕ್ಕೂ ‘ಎಷ್ಟು ಸಲ ಬರುತ್ತದೆ’, ‘ತಪ್ಪಿದರೆ ಎಷ್ಟು ಕೇಡು’ ಎಂದು 1ರಿಂದ 5ರವರೆಗೆ ಅಂಕ ಹಾಕಿಸಿ. ಎರಡನ್ನೂ ಗುಣಿಸಿದರೆ ಆ ಕೆಲಸದ ತೂಕ ಸಿಗುತ್ತದೆ. ತೂಕ ಹೆಚ್ಚಿದ್ದಲ್ಲಿ ಪ್ರಶ್ನೆ ಹೆಚ್ಚು. ಈ ಪಟ್ಟಿಯಲ್ಲಿಲ್ಲದ ಪ್ರಶ್ನೆ, ಅಂದರೆ ಸಾಮಾನ್ಯ ಜ್ಞಾನ, ಗಾದೆ, ಕ್ರಿಕೆಟ್ಟು, ಪತ್ರಿಕೆಗೆ ಬರಬಾರದು.

ನಮ್ಮ ಸಲಹೆ 100 ಅಂಕದಲ್ಲಿ ಪ್ರಾಯೋಗಿಕಕ್ಕೆ 45, ಬರಹಕ್ಕೆ 40, ಮೌಖಿಕಕ್ಕೆ 15. ನೆಲದ ಮೇಲೆ ಮಾಡಿ ತೋರಿಸಬಹುದಾದ್ದನ್ನು ಕಾಗದದ ಮೇಲೆ ಕೇಳಬೇಡಿ. ಉದಾಹರಣೆಗೆ ತೊಟ್ಟಿಯಿಂದ ನೀರೆತ್ತುವ ಡ್ರಿಲ್ಲು. ವಾಷರ್ ಇದೆಯೇ ಎಂದು ನೋಡಿದರೇ, ಕಪ್ಲಿಂಗ್ ಬಿಗಿಯಾಯಿತೇ, ಕಸ ತಡೆಯುವ ಸ್ಟ್ರೈನರ್ ಸಕ್ಷನ್ ಹೋಸ್‌ನ ವ್ಯಾಸದ ಮೂರು ಪಟ್ಟಾದರೂ ನೀರಿನೊಳಗೆ ಮುಳುಗಿದೆಯೇ, ಪ್ರೈಮ್ ಆದದ್ದನ್ನು ಗೇಜ್ ನೋಡಿ ಗುರುತಿಸಿದರೇ, ಡೆಲಿವರಿ ವಾಲ್ವ್ ನಿಧಾನ ತೆರೆದರೇ. ಒಂದೊಂದಕ್ಕೂ ಹೌದು–ಇಲ್ಲ ಅಷ್ಟೇ. ‘ಆತ್ಮವಿಶ್ವಾಸ’ದ ಕಲಮು ಬೇಡ. ಇಬ್ಬರು ಪ್ರತ್ಯೇಕವಾಗಿ ನೋಡಿ ಅಂಕ ಹಾಕಲಿ. 20ರಲ್ಲಿ 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲಿ ಬಂತೆಂದು ಆ ಸಾಲನ್ನು ಅಲ್ಲೇ ತೆಗೆದು ನೋಡಿ. ಜಾಣರು ಹೆಚ್ಚಾಗಿ ಎಡವುವುದು ವಾಷರಿನಲ್ಲಿ. ಅದಿಲ್ಲದಿದ್ದರೆ ಗಾಳಿ ಎಳೆದು ನೀರು ಮೇಲೇಳುವುದಿಲ್ಲ. ಅದು ಯಾವ ಭಾಷೆಯವರಿಗೂ ಒಂದೇ.

ಬರಹದ ಪ್ರಶ್ನೆಗಳಲ್ಲಿ ವಾಕ್ಯ ಚಿಕ್ಕದಿರಲಿ. ‘ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲದ್ದಲ್ಲ’ ಎಂಬಂಥ ಎರಡು ‘ಅಲ್ಲ’ಗಳ ಪ್ರಶ್ನೆ ಬೇಡವೇ ಬೇಡ. ಸಾಮಾನಿನ ಹೆಸರು ದಳದಲ್ಲಿ ಕರೆಯುವ ಹಾಗೆಯೇ ಇರಲಿ, ಬ್ರಾಂಚ್ ಬ್ರಾಂಚೇ. ಲೆಕ್ಕ ಬೇಕಾದರೆ ಕೆಲಸದ ಲೆಕ್ಕವನ್ನೇ ಕೊಡಿ: 6 ಲೀಟರಿನ ಸಿಲಿಂಡರು, 300 ಬಾರ್ ಒತ್ತಡ, ನಿಮಿಷಕ್ಕೆ 40 ಲೀಟರ್ ಗಾಳಿ ಖರ್ಚು, ಎಷ್ಟು ನಿಮಿಷ? 6ನ್ನು 300ರಿಂದ ಗುಣಿಸಿದರೆ 1,800, ಅದನ್ನು 40ರಿಂದ ಭಾಗಿಸಿದರೆ 45. ಹೊರಬರಲು ಮೀಸಲು ಗಾಳಿ ಎಷ್ಟು ಉಳಿಸಬೇಕೆಂದು ಎರಡನೇ ಪ್ರಶ್ನೆ ಕೇಳಿ.

ಇಲ್ಲಿ ಒಂದು ಎಚ್ಚರಿಕೆ. ಬೆಂಗಳೂರಿನ ವಾಸನೆ ಬಿಡಿಸಲು ಹೋಗಿ ನಮ್ಮೂರಿನದನ್ನು ತುಂಬಬೇಡಿ. ‘ಹಗೇವಿನಲ್ಲಿ ಇಳಿದ ಆಳು ಎಚ್ಚರ ತಪ್ಪಿದ್ದಾನೆ, ಮೊದಲೇನು ಮಾಡುವಿರಿ?’ ಇದು ಬಹಳ ಒಳ್ಳೆಯ ಪ್ರಶ್ನೆ. ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಎತ್ತಲು ಹೋದವರೂ ಒಬ್ಬರ ಹಿಂದೊಬ್ಬರು ಬೀಳುತ್ತಾರೆ. ಆದರೆ ಹಗೇವು ಎಂಬ ಮಾತು ಒಡಿಶಾದವರಿಗಿರಲಿ, ಕರಾವಳಿಯ ಕನ್ನಡಿಗರಿಗೂ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಹೀಗೆ ಬರೆಯಿರಿ: ‘ಕಾಳು ತುಂಬಿ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ನೆಲದೊಳಗಿನ ಗುಂಡಿ. ಆಳ 3 ಮೀಟರ್, ಬಾಯಿ 60 ಸೆಂ.ಮೀ. ಈಗತಾನೇ ತೆರೆದು ಇಳಿದವರು ಎಚ್ಚರ ತಪ್ಪಿದ್ದಾರೆ.’ ಒಳಗಿನ ಸಾಮಾನ್ಯ ಗಾಳಿಯಲ್ಲಿ ಶೇ. 20.9 ಆಮ್ಲಜನಕ ಇರಬೇಕು, ಶೇ. 19.5ಕ್ಕಿಂತ ಇಳಿದರೆ ಉಸಿರಾಟದ ಸೆಟ್ ಇಲ್ಲದೆ ಇಳಿಯಬಾರದು ಎಂಬ ಜ್ಞಾನವನ್ನು ಪ್ರಶ್ನೆ ಅಳೆಯಲಿ, ಹಗೇವಿನ ಹೆಸರನ್ನಲ್ಲ. ಹಾಗೆಂದು ಸ್ಥಳೀಯ ಅಪಾಯವನ್ನೇ ಬಿಟ್ಟುಬಿಡಬೇಡಿ. ರಾಯಚೂರಿನ ಠಾಣೆಯಲ್ಲಿ ಕೆಲಸ ಮಾಡುವವರಿಗೆ ನೀರು ಕುಡಿದ ಹತ್ತಿಯ ಬೇಲು ಉಬ್ಬಿ ಪಟ್ಟಿ ಹರಿದು ಗೋಡೆಯನ್ನೇ ತಳ್ಳಬಹುದು, ಮೇಲೆ ಆರಿದ ಬೇಲು ಒಳಗೊಳಗೆ ದಿನಗಟ್ಟಲೆ ಕನಲುತ್ತಿರಬಹುದು ಎಂದು ಗೊತ್ತಿರಲೇಬೇಕು. ಅದು ಕೆಲಸ, ಪಕ್ಷಪಾತವಲ್ಲ. ಅದನ್ನು ಕಲಿಸಿ, ಆಮೇಲೆ ಕೇಳಿ.

ಅನುವಾದಕ್ಕೆ ಇಬ್ಬರು ಬೇಕು. ಒಬ್ಬರು ಕನ್ನಡದಿಂದ ತೆಲುಗು, ಹಿಂದಿ ಅಥವಾ ಒಡಿಯಾಕ್ಕೆ ಮಾಡಲಿ. ಇನ್ನೊಬ್ಬರು ಮೂಲ ನೋಡದೆ ಅದನ್ನು ಮತ್ತೆ ಕನ್ನಡಕ್ಕೆ ತರಲಿ. ಎರಡು ಕನ್ನಡ ಆವೃತ್ತಿಗಳು ತಾಳೆಯಾಗದ ಕಡೆ ತಪ್ಪಿದೆ. ಆಮೇಲೆ ಪರೀಕ್ಷೆಗೆ ಕೂರದ ಹತ್ತು ಮಂದಿಗೆ ಪತ್ರಿಕೆ ಕೊಟ್ಟು, ಪ್ರತಿ ಪ್ರಶ್ನೆ ಓದಿ ಏನು ಅರ್ಥವಾಯಿತೆಂದು ಬಾಯಲ್ಲಿ ಹೇಳಿಸಿ. ಪತ್ರಿಕೆ ಸೋರದಂತೆ ಬೇರೆ ಘಟಕದವರನ್ನು ಹಿಡಿಯಿರಿ, ಪ್ರತಿಗಳನ್ನು ಎಣಿಸಿ ಹಿಂಪಡೆಯಿರಿ.

ತೇರ್ಗಡೆಯ ಗೆರೆಯನ್ನು 35 ಅಥವಾ 50 ಎಂದು ಗಾಳಿಯಲ್ಲಿ ಎಳೆಯಬೇಡಿ. ಐವರು ಅನುಭವಿಗಳು ಪ್ರತಿ ಪ್ರಶ್ನೆಗೂ ಹೇಳಲಿ: ಈ ಹುದ್ದೆಗೆ ಅಷ್ಟಕ್ಕಷ್ಟೇ ಸಾಕು ಎನ್ನುವಂಥ 10 ಜನರಲ್ಲಿ ಎಷ್ಟು ಜನ ಸರಿ ಬರೆದಾರು? ಸರಾಸರಿ 7 ಬಂದರೆ ಆ ಪ್ರಶ್ನೆಯ ಪಾಲು 0.7. ನಲವತ್ತೂ ಪ್ರಶ್ನೆಗಳ ಪಾಲನ್ನು ಕೂಡಿದಾಗ 25.6 ಬಂತೆನ್ನಿ, ಗೆರೆ 26. ಇದಕ್ಕೆ ಆಂಗಾಫ್ ವಿಧಾನ ಎನ್ನುತ್ತಾರೆ. ಯಾರಾದರೂ ‘ಯಾಕೆ 26?’ ಎಂದು ಕೇಳಿದರೆ ತೋರಿಸಲು ಕಾಗದವಿರುತ್ತದೆ.

ಪರೀಕ್ಷೆ ಮುಗಿದು ಫಲಿತಾಂಶ ಹಚ್ಚುವ ಮುನ್ನ ಒಂದು ದಿನ ಕೂತುಕೊಳ್ಳಿ. ಒಟ್ಟು ಅಂಕದ ಮೇಲೆ ಎಲ್ಲರನ್ನೂ ಮೂರು ಪಾಲು ಮಾಡಿ. ನಡುವಿನ ಪಾಲಿನಲ್ಲಿ, ಅಂದರೆ ಹೆಚ್ಚುಕಡಿಮೆ ಒಂದೇ ಮಟ್ಟದವರಲ್ಲಿ, ಒಂದು ಪ್ರಶ್ನೆಗೆ ಕನ್ನಡ ಪತ್ರಿಕೆಯ 7ರಲ್ಲಿ 6 ಜನ ಸರಿ, ಹಿಂದಿ ಪತ್ರಿಕೆಯ 6ರಲ್ಲಿ ಒಬ್ಬರೇ ಸರಿ ಎಂದಾದರೆ ಆ ಪ್ರಶ್ನೆಯನ್ನು ಎತ್ತಿ ಓದಿ. ಮಾತು ಕೆಟ್ಟಿದ್ದರೆ ಎಲ್ಲರಿಗೂ ತೆಗೆದುಹಾಕಿ, ಗೆರೆಯನ್ನೂ ಅಷ್ಟೇ ಇಳಿಸಿ. ಪ್ರಶ್ನೆ ಸರಿಯಿದ್ದು ತರಬೇತಿಯೇ ಆ ಪಾಳಿಗೆ ತಲುಪಿರದಿದ್ದರೆ ಅದು ಬೇರೆ ರೋಗ.

ಆಂಬುಲೆನ್ಸಿನಲ್ಲಿ ಕೆಲಸ. ನಮ್ಮ ಏಜೆನ್ಸಿಯ ಬಡ್ತಿ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆಗಳೂ ಇರುತ್ತವೆ. ಇದೂ ಪಕ್ಷಪಾತವೇ? – ಮಾನ್ವಿ

ಎಲ್ಲವೂ ಅಲ್ಲ. ಔಷಧದ ಬಾಟಲಿಯ ಚೀಟಿ ಇಂಗ್ಲಿಷಿನಲ್ಲೇ ಇರುತ್ತದೆ. ‘ಅಡ್ರಿನಲಿನ್ 1 ಮಿ.ಗ್ರಾಂ ಪ್ರತಿ ಮಿ.ಲೀ.’ ಎಂಬುದನ್ನು ಕ್ಷಣದಲ್ಲಿ ಓದಲಾಗದಿದ್ದರೆ ಜೀವಕ್ಕೇ ಕುತ್ತು. ಚೀಟಿಯನ್ನೇ ಕೊಟ್ಟು ಓದಿಸಿ, ಪ್ರಮಾಣ ಲೆಕ್ಕ ಹಾಕಿಸಿದರೆ ಅದು ನ್ಯಾಯ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿದರೆ, ಸಮಾನಾರ್ಥಕ ಪದ ಕೇಳಿದರೆ ಅನ್ಯಾಯ.

ಎರಡು ಅಂಕದಲ್ಲಿ ಇಲಾಖಾ ಪರೀಕ್ಷೆ ಹೋಯಿತು. ಮೂರು ಪ್ರಶ್ನೆಗಳ ಅನುವಾದ ತಪ್ಪಿತ್ತು. ಈಗೇನು ಮಾಡಲಿ? 371ಜೆ ನೆರವಿಗೆ ಬರುತ್ತದೆಯೇ? – ಕೊಪ್ಪಳ

ಸಂವಿಧಾನದ 371ಜೆ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸ್ಥಳೀಯ ವೃಂದದ ಹುದ್ದೆಗಳನ್ನು ಕಾಯ್ದಿಡುತ್ತದೆ. ಪ್ರಶ್ನೆಯ ಗುಣಮಟ್ಟ ಅದರ ವ್ಯಾಪ್ತಿಗೆ ಬರುವುದಿಲ್ಲ.

ಪ್ರಶ್ನೆಪುಸ್ತಿಕೆ ಮತ್ತು ಅದರ ಸರಣಿ ಸಂಕೇತ, ಉತ್ತರ ಹಾಳೆಯ ನಕಲು ಜೋಪಾನ ಮಾಡಿ. ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ, ಆ ಅವಧಿ ಮೀರಿದರೆ ಅರ್ಧ ಸೋತಂತೆ. ಒಂದೊಂದು ಪ್ರಶ್ನೆಗೆ ಒಂದೊಂದು ಹಾಳೆ: ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಕನ್ನಡ ಸಾಲು, ಕೆಟ್ಟ ಪದಕ್ಕೆ ಅಡಿಗೆರೆ, ಜೊತೆಗೆ ತರಬೇತಿ ಕೈಪಿಡಿಯಲ್ಲಿ ಆ ಪದ ಹೇಗಿದೆ ಎಂಬ ಪುಟದ ನಕಲು. ‘ನನಗೆ ಎರಡು ಅಂಕ ಕೊಡಿ’ ಎಂದು ಬೇಡಬೇಡಿ, ‘ಈ ಪ್ರಶ್ನೆಯನ್ನು ಎಲ್ಲರಿಗೂ ಕೈಬಿಡಿ’ ಎಂದು ಕೇಳಿ. 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಅಸ್ಪಷ್ಟ ಪ್ರಶ್ನೆಯನ್ನು ಬೇಗ ನಿರ್ಧರಿಸಿ ಕೈಬಿಡಬೇಕು. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ. ತಪ್ಪೆಂದು ಸ್ಪಷ್ಟವಾಗಿ ತೋರುವವರೆಗೆ ಕೀ ಉತ್ತರ ಸರಿಯೆಂದೇ ಎಣಿಕೆ. ಹೀಗಾಗಿ ಕೈಪಿಡಿಯ ಪುಟವಿಲ್ಲದೆ ಆಕ್ಷೇಪಣೆ ನಿಲ್ಲುವುದಿಲ್ಲ.

ಜೊತೆಗೇ ಮಾಹಿತಿ ಹಕ್ಕಿನಲ್ಲಿ ನಿಮ್ಮದೇ ಉತ್ತರ ಪತ್ರಿಕೆಯ ನಕಲು ಕೇಳಿ. ಉತ್ತರ ಪತ್ರಿಕೆ ‘ಮಾಹಿತಿ’ಯೇ ಎಂದು 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ, ಮೌಲ್ಯಮಾಪಕರ ಹೆಸರು ಮಾತ್ರ ಕೊಡುವುದಿಲ್ಲ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ.

ಇಲಾಖೆ ಕೇಳದಿದ್ದರೆ ರಾಜ್ಯ ಆಡಳಿತ ನ್ಯಾಯಮಂಡಳಿಯಿದೆ, ಅದು ಸರ್ಕಾರಿ ಹುದ್ದೆಗಳ ವಿಷಯಕ್ಕೆ ಮಾತ್ರ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಮನವಿಗೆ ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷದೊಳಗೆ. ಪರೀಕ್ಷೆಯ ಪದ್ಧತಿಯೇ ಸರಿಯಿಲ್ಲ ಎಂದು ಮೊದಲೇ ಗೊತ್ತಿದ್ದೂ ಸುಮ್ಮನೆ ಕೂತು ಬರೆದು, ಸೋತಮೇಲೆ ತಕರಾರು ತೆಗೆದರೆ ಕೋರ್ಟು ಒಪ್ಪುವುದಿಲ್ಲ. 1995ರ ಮದನ್ ಲಾಲ್ ತೀರ್ಪು ಅಡ್ಡ ನಿಲ್ಲುತ್ತದೆ. ಮುಂದಿನ ಸಲದ ಪರೀಕ್ಷೆಗೆ ಆಕ್ಷೇಪವಿದ್ದರೆ ಅಧಿಸೂಚನೆ ಬಂದ ವಾರದೊಳಗೇ ಬರೆದು ಸ್ವೀಕೃತಿ ಪಡೆಯಿರಿ.

ಪಠ್ಯಪುಸ್ತಕ ಠಾಣೆಯಲ್ಲಿ ಒಂದೇ ಇದೆ, ಅದೂ ಅಧಿಕಾರಿಯ ಕಪಾಟಿನಲ್ಲಿ. ಏನು ಮಾಡೋದು? – ಗಂಗಾವತಿ

ಠಾಣೆಯವರೆಲ್ಲ ಸಹಿ ಹಾಕಿ ಲಿಖಿತವಾಗಿ ಕೇಳಿ: ಪಠ್ಯದ ಅಧ್ಯಾಯಗಳ ಪಟ್ಟಿ ಪರೀಕ್ಷೆಗೆ ಮೂರು ತಿಂಗಳು ಮುಂಚೆ ನೋಟಿಸ್ ಬೋರ್ಡಿಗೆ ಬರಲಿ, ಪುಸ್ತಕದ ಎರಡು ಪ್ರತಿ ಪಾಳಿ ಕೋಣೆಯಲ್ಲಿರಲಿ, ಯಾರು ಎಷ್ಟು ದಿನ ಒಯ್ದರೆಂದು ರಿಜಿಸ್ಟರ್ ಇರಲಿ. ಅಲ್ಲಿಯವರೆಗೆ ಕಪಾಟಿನ ಪುಸ್ತಕದಲ್ಲಿ ಪಂಪ್, ಹೋಸ್, ಉಸಿರಾಟದ ಸೆಟ್ ಅಧ್ಯಾಯಗಳನ್ನು ಅನುಮತಿ ಪಡೆದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.